ಟವರ್ ಲೊಕೇಶನ್ ಸಿಕ್ಕಿದ ಮೇಲೂ ಬಿಟ್ಟು ಕಳಿಸಿದ್ದು ಯಾಕೆ?

ಓದುಗರ ಪ್ರಶ್ನೆಗೆ ನಿವೃತ್ತ ತನಿಖಾಧಿಕಾರಿಯ ಉತ್ತರ

ಎಫ್‌ಐಆರ್ ಅಂದರೇನು, ಚಾರ್ಜ್‌ಶೀಟ್ ಅಂದರೇನು ಎಂದು ಕೇಳಿದವರಿಗೆ ಈ ಸಲ ಉತ್ತರವಿಲ್ಲ. ಟವರ್ ಲೊಕೇಶನ್ ಬಗ್ಗೆ ಒಂದೇ ಪ್ರಶ್ನೆ ಊರೂರಿಂದ ಬರುತ್ತಿದೆ. ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂಟಿಯಾಗಿದ್ದ ಅಜ್ಜಿಯ ಕೊಲೆಯಾಯಿತು. ಎರಡು ಬೀದಿ ಆಚೆ ಇರುವ ಅವರ ಸಂಬಂಧಿ ಹುಡುಗನ ಮೊಬೈಲು ಆ ರಾತ್ರಿ ಅಲ್ಲಿನ ಟವರ್‌ನಲ್ಲೇ ಇತ್ತಂತೆ. ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದ್ದಾರೆ. ದುಡ್ಡು ತಿಂದಿದ್ದಾರೆ ಅಲ್ವಾ?

ದುಡ್ಡಿನ ಪುರಾವೆ ಇದ್ದರೆ ಲೋಕಾಯುಕ್ತಕ್ಕೆ ಕೊಡಿ. ಇಲ್ಲದಿದ್ದರೆ ಸುಮ್ನೆ ಆರೋಪ ಹೊರಿಸಬೇಡಿ.

ಸಿಡಿಆರ್‌ನಲ್ಲಿ, ಅಂದರೆ ಮೊಬೈಲ್ ಕಂಪನಿ ಕೊಡುವ ಕರೆಗಳ ದಾಖಲೆಯಲ್ಲಿ, ಯಾರ ಮನೆ ವಿಳಾಸವೂ ಬರುವುದಿಲ್ಲ. ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು ಮಾತಾಯಿತು, ಆಗ ಫೋನು ಯಾವ ಸೆಲ್ ಐಡಿಯಲ್ಲಿತ್ತು, ಅಂದರೆ ಯಾವ ಟವರ್‌ನ ಯಾವ ದಿಕ್ಕಿನಲ್ಲಿತ್ತು ಎನ್ನುವುದು ಸಿಗುತ್ತದೆ. ಒಂದು ಟವರ್‌ಗೆ ಸಾಮಾನ್ಯವಾಗಿ ಮೂರು ದಿಕ್ಕು, ಒಂದೊಂದಕ್ಕೆ ಸುಮಾರು 120 ಡಿಗ್ರಿ. ಬೆಂಗಳೂರಿನ ಒತ್ತಾದ ಬಡಾವಣೆಯಲ್ಲಿ ಒಂದು ದಿಕ್ಕಿನ ವ್ಯಾಪ್ತಿ ಕೆಲವೇ ನೂರು ಮೀಟರ್ ಇರಬಹುದು, ಅಷ್ಟರಲ್ಲೇ ಎಷ್ಟೋ ಮನೆಗಳು. ಹಳ್ಳಿ ಕಡೆ ಅದು ಕಿಲೋಮೀಟರ್‌ಗಟ್ಟಲೆ. ಹತ್ತಿರದ ಟವರ್‌ಗೆ ಒತ್ತಡ ಜಾಸ್ತಿಯಾದರೆ ಫೋನು ದೂರದ್ದನ್ನು ಹಿಡಿಯುತ್ತದೆ. ಮಲೆನಾಡಿನಲ್ಲಂತೂ ಕಣಿವೆಯಾಚೆಯ ಗುಡ್ಡದ ಟವರ್ ಸಿಗುವುದೂ ಉಂಟು.

ಆ ಹುಡುಗ ಇರುವುದೇ ಎರಡು ಬೀದಿ ಆಚೆ. ದಿನಾ ರಾತ್ರಿ ಆ ಟವರ್‌ನಲ್ಲಿರುವ ಫೋನು ಆ ರಾತ್ರಿಯೂ ಅಲ್ಲೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಎಂದೂ ಬರದ ಫೋನು ಆ ರಾತ್ರಿ ಮಾತ್ರ ಬಂದಿತ್ತಾ, ದಿನಾ ಆನ್ ಇರುವ ಫೋನು ಆ ಎರಡು ಗಂಟೆ ಮಾತ್ರ ಆಫ್ ಆಗಿತ್ತಾ, ಅದನ್ನು ನೋಡಬೇಕು. ಅದಕ್ಕೇ ಒಂದು ದಿನದ ಸಿಡಿಆರ್ ಸಾಲದು, ಹಿಂದಿನ ಕೆಲವು ತಿಂಗಳದ್ದೂ ಬೇಕು.

ಫೋನು ಬೇರೆ ಊರಿನಲ್ಲಿತ್ತು ಎಂದ ಮಾತ್ರಕ್ಕೆ ಯಾರನ್ನೂ ಕೈಬಿಡುವ ಹಾಗೂ ಇಲ್ಲ. ಫೋನನ್ನು ಸ್ನೇಹಿತನ ಕೈಲಿ ಕೊಟ್ಟು ಹೋಗಬಹುದು. ಒಬ್ಬನ ಹೆಸರನ್ನು ಶಂಕಿತರ ಪಟ್ಟಿಗೆ ಸೇರಿಸಲು ಎಷ್ಟು ಪುರಾವೆ ಬೇಕೋ, ತೆಗೆಯಲೂ ಅಷ್ಟೇ ಬೇಕು. 'ನಮ್ಮ ಜೊತೆಗೇ ಇದ್ದ ಸಾರ್' ಎಂದು ಗೆಳೆಯರು ಹೇಳುವುದಕ್ಕೆ ತೂಕ ಕಡಿಮೆ. ಅವನ ಪರಿಚಯವೇ ಇಲ್ಲದ ಪೆಟ್ರೋಲ್ ಬಂಕ್ ಕೆಲಸಗಾರ ಹೇಳಿದರೆ ಜಾಸ್ತಿ.

ಬಂಕಿನ ಕ್ಯಾಮೆರಾದಲ್ಲಿ ರಾತ್ರಿ 10.20ಕ್ಕೆ ಹುಡುಗ ಕಂಡ ಎಂದುಕೊಳ್ಳಿ. ಆ ಡಿವಿಆರ್‌ನ (ಕ್ಯಾಮೆರಾದ ದೃಶ್ಯ ಉಳಿಸಿಡುವ ಯಂತ್ರ) ಗಡಿಯಾರ 25 ನಿಮಿಷ ಮುಂದಿದ್ದರೆ ನಿಜವಾದ ಸಮಯ 9.55. ಆಮೇಲೆ ಬೈಕಿನಲ್ಲಿ ಅಜ್ಜಿಯ ಮನೆ ತಲುಪಲು ಬೇಕಾದಷ್ಟು ಹೊತ್ತಿದೆ. ಅದಕ್ಕೇ ಡಿವಿಆರ್ ವಶಕ್ಕೆ ತೆಗೆದುಕೊಳ್ಳುವಾಗ ಪರದೆಯಲ್ಲಿನ ಸಮಯ, ಆ ಕ್ಷಣದ ಸರಿಯಾದ ಸಮಯ, ಎರಡನ್ನೂ ಪಂಚರ ಎದುರು ಮಹಜರಿನಲ್ಲಿ ಬರೆಯಬೇಕು. ಪೆಟ್ರೋಲಿಗೆ ಯುಪಿಐನಲ್ಲಿ ದುಡ್ಡು ಕೊಟ್ಟಿದ್ದರೆ ಬ್ಯಾಂಕಿನ ದಾಖಲೆಯೊಂದಿಗೆ ತಾಳೆ ನೋಡಬೇಕು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಸಾವಿನ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಳುವುದಿಲ್ಲ, ಇಷ್ಟರಿಂದ ಇಷ್ಟು ಗಂಟೆಯೊಳಗೆ ಎನ್ನುತ್ತಾರೆ. ಹುಡುಗ ಬೇರೆ ಕಡೆ ಇದ್ದ ಎನ್ನಲು ಆ ಇಡೀ ಅವಧಿಗೆ ಲೆಕ್ಕ ಸಿಗಬೇಕು. ಇಷ್ಟೆಲ್ಲ ನೋಡಿದ ಮೇಲೆ ಪೊಲೀಸರು ಬಿಟ್ಟಿರಬಹುದು. ವಿಚಾರಿಸಿ ಕಳಿಸಿದರು ಎಂದರೆ ಹೆಸರು ಪಟ್ಟಿಯಿಂದ ಹೋಯಿತು ಎಂದೂ ಅಲ್ಲ.

ಕಣ್ಣಾರೆ ಕಂಡವರಿಲ್ಲದೆ ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಕೇಸಿನಲ್ಲಿ ಸಾಕ್ಷ್ಯಗಳ ಸರಪಳಿ ಪೂರ್ತಿ ಇರಬೇಕು, ಆರೋಪಿಯನ್ನು ಬಿಟ್ಟು ಬೇರೆ ಯಾರೂ ಮಾಡಿರುವ ಸಾಧ್ಯತೆ ಉಳಿಯಬಾರದು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಸ್ಪಷ್ಟವಾಗಿ ಹೇಳಿದೆ. ಬಾಡಿಗೆಯವನನ್ನು ವಿಚಾರಿಸಿದಿರಾ, ಹಾಲು ಹಾಕುವವನನ್ನು ಕೇಳಿದಿರಾ ಎಂದು ಪಾಟೀಸವಾಲಿನಲ್ಲಿ ವಕೀಲರು ಕೇಳಿಯೇ ಕೇಳುತ್ತಾರೆ. ತನಿಖಾಧಿಕಾರಿಯ ಹತ್ತಿರ ಉತ್ತರ ಇಲ್ಲದಿದ್ದರೆ ನಿಜವಾದ ಕೊಲೆಗಾರನೇ ಕಟಕಟೆಯಲ್ಲಿದ್ದರೂ ಬಿಡುಗಡೆಯಾಗಬಹುದು. ನೀವು ನ್ಯಾಯ ಬೇಕು ಎನ್ನುವ ಆ ಅಜ್ಜಿಗೆ ಆಗ ಏನು ಸಿಕ್ಕ ಹಾಗಾಯಿತು?

ಪ್ರಶ್ನೆ: ಪೊಲೀಸರ ಮುಂದೆ ಒಪ್ಪಿಕೊಂಡ ಮೇಲೆ ತನಿಖೆ ಮುಗೀತಲ್ವಾ?

ಇಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವನು ಹೇಳಿದ್ದರಿಂದ ಚಾಕುವೋ ಒಡವೆಯೋ ಸಿಕ್ಕರೆ, ಆ ಸಿಕ್ಕಿದ್ದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ಲೆಕ್ಕಕ್ಕೆ. 1986ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 17 ವರ್ಷದ ಹುಡುಗನೊಬ್ಬ ಒಂದು ಕೊಲೆ ಒಪ್ಪಿಕೊಂಡ. 1983ರ ಇನ್ನೊಂದು ಕೊಲೆಯೂ ಅವನದೇ ಎಂದು ಪೊಲೀಸರಿಗೆ ಅನುಮಾನ. ವಿಜ್ಞಾನಿ ಅಲೆಕ್ ಜೆಫ್ರೀಸ್ ಡಿಎನ್‌ಎ ಪರೀಕ್ಷೆ ಮಾಡಿದರು. ಎರಡನ್ನೂ ಮಾಡಿದವನು ಒಬ್ಬನೇ, ಆದರೆ ಈ ಹುಡುಗ ಅಲ್ಲ! ಕೊಲೆ ತನಿಖೆಯಲ್ಲಿ ಡಿಎನ್‌ಎ ಮೊದಲು ಮಾಡಿದ ಕೆಲಸ ನಿರಪರಾಧಿಯನ್ನು ಬಿಡಿಸಿದ್ದು. 1988ರಲ್ಲಿ ನಿಜವಾದ ಅಪರಾಧಿಗೆ ಶಿಕ್ಷೆಯಾಯಿತು.

ಪ್ರಶ್ನೆ: ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ಹೊರಬರುತ್ತದಲ್ಲ?

ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಎಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪಿ ಮಾಡಿಸಿದರೂ ಆ ಮಾತುಗಳೇ ಸಾಕ್ಷ್ಯವಾಗುವುದಿಲ್ಲ. ಮಂಪರಿನಲ್ಲಿ ಮನುಷ್ಯ ಸುಳ್ಳೂ ಹೇಳುತ್ತಾನೆ, ಕಲ್ಪನೆಯನ್ನೂ ಹೇಳುತ್ತಾನೆ.

ಪ್ರಶ್ನೆ: ಪೊಲೀಸ್ ನಾಯಿ ನಮ್ಮ ಪಕ್ಕದ ಮನೆ ಮುಂದೆ ನಿಂತಿತು. ಅವರೇ ಕಳ್ಳರಾ?

ನಾಯಿ ತೋರಿಸುವುದು ದಾರಿ ಮಾತ್ರ, ಅದರ ಮೇಲೆ ಯಾರಿಗೂ ಶಿಕ್ಷೆಯಾಗುವುದಿಲ್ಲ.

ಪ್ರಶ್ನೆ: ಅಂಜನ ಹಾಕಿಸಿ ನೋಡಿದೆವು, ಮನೆಗೆಲಸದವಳ ಹೆಸರು ಬಂತು. ದೂರಿನಲ್ಲಿ ಬರೆಯಬಹುದಾ?

ಬರೆಯಬೇಡಿ. ಅಂಜನದವನು ನೀವು ಮೊದಲೇ ಅನುಮಾನ ಪಟ್ಟವರ ಹೆಸರನ್ನು ನಿಮ್ಮ ಬಾಯಿಂದಲೇ ಹೊರಡಿಸಿ ನಿಮಗೇ ಮಾರುತ್ತಾನೆ. ಆ ಹೆಣ್ಣುಮಗಳು ಆಮೇಲೆ ಇನ್ನೊಂದು ಮನೆಯಲ್ಲಿ ಕೆಲಸ ಕೇಳಬೇಕು, ಅದು ನೆನಪಿರಲಿ.

ಪ್ರಶ್ನೆ: ನಮ್ಮ ಅಂಗಡಿ ಕ್ಯಾಮೆರಾದಲ್ಲಿ ಏನೋ ಸಿಕ್ಕಿದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕಾ?

ಸಾಲದು. ಮೂಲ ದೃಶ್ಯ ಬೇಕು, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ದೃಶ್ಯವನ್ನು ಯಾವ ಯಂತ್ರದಿಂದ ಹೇಗೆ ತೆಗೆದದ್ದು ಎಂದು ತಿಳಿಸುವ ಪ್ರಮಾಣಪತ್ರವೂ ಬೇಕು. ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಇವತ್ತೇ ಠಾಣೆಗೆ ಹೋಗಿ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಅವರು ಬಂದು ವಶಕ್ಕೆ ತೆಗೆದುಕೊಳ್ಳುವವರೆಗೆ ಡಿವಿಆರ್‌ನ ಗಡಿಯಾರವನ್ನು ಸರಿ ಮಾಡಲು ಹೋಗಬೇಡಿ.