ಸಂಪಾದಕರ ಉತ್ತರ: ಮನ್ನಿಸುವ ಅವಸರ ಯಾರಿಗೆ?

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ವಾ, ಅದಕ್ಕೆ ನಿಮ್ಮ ಆರು ಪುಟದ ಪತ್ರವನ್ನು ನಾಲ್ಕು ಮಾತಲ್ಲಿ ಹೇಳಿಬಿಡುತ್ತೇನೆ. ನಿಮಗೆ 11 ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದರು. ಅದಕ್ಕೂ ಮುಂಚೆ ಇದ್ದದ್ದು ಕುಡಿತ, ಅಮ್ಮನಿಗೆ ಹೊಡೆತ. 26 ವರ್ಷ ಆದ ಮೇಲೆ, ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋದ ಅವರನ್ನು ಯಾರೋ ತಂದು ಬಾಗಿಲಲ್ಲಿ ಬಿಟ್ಟರು. ಅಮ್ಮ "ಬರಲಿ ಬಿಡು" ಅಂದರು. ಈಗ ನೋಡಿಕೊಳ್ಳುತ್ತಿರುವವರು ನೀವು. ಮಾತ್ರೆ ಕೊಡುತ್ತೀರಿ, ಮೈ ಒರೆಸುತ್ತೀರಿ, ಮಾತು ಮಾತ್ರ ಆಡುವುದಿಲ್ಲ. ನೆಂಟರೆಲ್ಲ "ಕ್ಷಮಿಸಿಬಿಡು, ನಿನಗೇ ನೆಮ್ಮದಿ ಸಿಗುತ್ತೆ, ದ್ವೇಷ ಇಟ್ಟುಕೊಂಡವರಿಗೆ ಸ್ವರ್ಗದ ಬಾಗಿಲು ತೆರೆಯೋದಿಲ್ಲ" ಎನ್ನುತ್ತಿದ್ದಾರೆ. ನಿಮ್ಮ ಕೈಲಿ ಆಗುತ್ತಿಲ್ಲ. "ನನ್ನ ಮನಸ್ಸು ಕಲ್ಲಾಗಿದೆಯಾ ಸರ್?" ಎಂದು ಕೇಳಿದ್ದೀರಿ.

ಆಗಿಲ್ಲ. ಕಲ್ಲಾದ ಮನಸ್ಸು ಆರು ಪುಟ ಬರೆಯುವುದಿಲ್ಲ.

ನಿಮ್ಮ ಪತ್ರದ ನಾಲ್ಕನೇ ಪುಟವನ್ನು ನಾನು ಮೂರು ಸಲ ಓದಿದೆ. ಭಾನುವಾರ ಅಪ್ಪನ ಉಗುರು ಕತ್ತರಿಸುವುದನ್ನು ಬರೆದಿದ್ದೀರಲ್ಲ, ಆ ಪುಟ. ಬಲಗೈ ಸ್ವಾಧೀನದಲ್ಲಿಲ್ಲ, ಬೆರಳು ಮಡಚಿಕೊಂಡೇ ಇರುತ್ತವೆ. ಒಂದೊಂದೇ ಬೆರಳನ್ನು ಬಿಡಿಸಿ, ಹೆಬ್ಬೆರಳಿನ ದಪ್ಪ ಉಗುರನ್ನು ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಕತ್ತರಿಸುತ್ತೀರಿ. ಆಗ "ಅಮ್ಮನ ಜಡೆ ಹಿಡಿದು ಎಳೆಯುತ್ತಿದ್ದದ್ದು ಇದೇ ಕೈ" ಎಂದು ನೆನಪಾಗುತ್ತದೆ. ಆದರೂ ಉಗುರಿನ ಸಂದಿಗೆ ಕತ್ತರಿ ತಾಗದ ಹಾಗೆ ಹುಷಾರಾಗಿ ಕತ್ತರಿಸುತ್ತೀರಿ. ನಾನು ಸಂಪಾದಕನಾಗಿ ಇಷ್ಟು ವರ್ಷದಲ್ಲಿ ಪ್ರೀತಿ, ಕ್ಷಮೆ ಅಂತ ಎಷ್ಟೋ ಲೇಖನ ಅಚ್ಚು ಹಾಕಿದ್ದೇನೆ. ಈ ಒಂದು ಪುಟದಷ್ಟು ಯಾವುದೂ ನನ್ನನ್ನು ಅಲುಗಾಡಿಸಿಲ್ಲ.

ಆದರೆ ಒಂದು ವಿಷಯಕ್ಕೆ ನಿಮ್ಮನ್ನು ಬೈಯಲೇಬೇಕು. ಪತ್ರದಲ್ಲಿ ಏಳು ಕಡೆ "ಕ್ಷಮಿಸಿ" ಎಂದು ಬರೆದಿದ್ದೀರಿ. ಅಕ್ಷರ ಚೆನ್ನಾಗಿಲ್ಲ ಕ್ಷಮಿಸಿ, ಉದ್ದ ಆಯ್ತು ಕ್ಷಮಿಸಿ, ನಿಮ್ಮ ಸಮಯ ಹಾಳು ಮಾಡಿದೆ ಕ್ಷಮಿಸಿ. ನೀವು ಯಾರಿಗೆ ಏನು ಮಾಡಿದ್ದೀರಿ ಅಂತ? ಇಡೀ ಕಥೆಯಲ್ಲಿ ಕ್ಷಮೆ ಕೇಳಿದವರು ನೀವೊಬ್ಬರೇ. ಕೇಳಬೇಕಾದವರು ಒಂದು ಸಲವೂ ಕೇಳಿದ ಹಾಗೆ ಕಾಣಲಿಲ್ಲ. ನೆಂಟರು ಕೂಡ ಅವರಿಗೆ "ಮಗಳ ಹತ್ತಿರ ಒಂದು ಮಾತು ಹೇಳು" ಅಂದದ್ದು ಎಲ್ಲೂ ಬರೆದಿಲ್ಲ. ಹೇಳಿದ್ದರೆ ಬರೆಯುತ್ತಿದ್ದಿರಿ.

ನೆಂಟರ ಮಾತಲ್ಲಿ ನಿಜವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಿಟ್ಟು ಇಟ್ಟುಕೊಂಡವರನ್ನೇ ಸುಡುತ್ತದೆ, ನಿದ್ದೆ ಕೆಡಿಸುತ್ತದೆ. ಕ್ಷಮಿಸಲು ಸಾಧ್ಯವಾದವರಲ್ಲಿ ಆತಂಕ, ಖಿನ್ನತೆ ಕಡಿಮೆಯಾಗುತ್ತದೆ ಎಂದು ಮನಃಶಾಸ್ತ್ರದ ಅಧ್ಯಯನಗಳೂ ಹೇಳುತ್ತವೆ. ಸರಿ, ಒಪ್ಪೋಣ. ಆದರೆ ಅದನ್ನೇ ಬದುಕೆಲ್ಲ ಅಧ್ಯಯನ ಮಾಡಿದವರ ಕಥೆ ಕೇಳಿ. ಅಮೆರಿಕದ ಎವರೆಟ್ ವರ್ಥಿಂಗ್ಟನ್ ಕ್ಷಮೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮನಃಶಾಸ್ತ್ರಜ್ಞ. 1996ರ ಹೊಸ ವರ್ಷದ ಹೊತ್ತಿಗೆ ಕಳ್ಳರು ನುಗ್ಗಿ ಅವರ ವಯಸ್ಸಾದ ತಾಯಿಯನ್ನು ಕೊಂದರು. ಕೊಂದವನು ಕೈಗೆ ಸಿಕ್ಕರೆ ಬ್ಯಾಟಿನಲ್ಲಿ ಹೊಡೆದು ಸಾಯಿಸುತ್ತಿದ್ದೆ ಅನ್ನುವಷ್ಟು ಕೋಪ ತನಗೆ ಬಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಅವರು ಕ್ಷಮಿಸಿದರು. ಆದರೆ ಅವರು ಬಿಡಿಸಿ ಹೇಳುವ ಒಂದು ಮಾತು ನಿಮಗೆ ಬೇಕು: ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ನಿರ್ಧಾರ ಮಾಡುವುದು ಬೇರೆ, ಮನಸ್ಸು ಕರಗುವುದು ಬೇರೆ. ಒಂದಾದ ಕೂಡಲೇ ಇನ್ನೊಂದು ಆಗಬೇಕೆಂದಿಲ್ಲ. ನೀವು ಮೊದಲನೆಯದನ್ನು ಆಗಲೇ ಮಾಡಿದ್ದೀರಿ. ಪ್ರತಿ ಭಾನುವಾರ ಮಾಡುತ್ತಿದ್ದೀರಿ. ಎರಡನೆಯದು ಬರಬೇಕಾದಾಗ ಬರುತ್ತದೆ, ಬರದೆಯೂ ಇರಬಹುದು.

ಇನ್ನು ಸ್ವರ್ಗದ ಮಾತು. ಇದನ್ನು ಕೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ದ್ವೇಷ ಬಿಡದವರಿಗೆ ಸ್ವರ್ಗ ಇಲ್ಲ ಎಂದು ನಿಮಗೆ ಹೇಳಿದವರು ಮಹಾಭಾರತದ ಕೊನೆಯ ಪರ್ವ ಓದಿಲ್ಲ ಅನ್ನಿಸುತ್ತದೆ. ನಾಯಿಯನ್ನು ಬಿಟ್ಟು ಒಳಗೆ ಬರುವುದಿಲ್ಲ ಎಂದು ಧರ್ಮರಾಯ ಹಟ ಹಿಡಿದದ್ದು ಎಲ್ಲರಿಗೂ ಗೊತ್ತು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೇವೆ. ಮುಗಿಯುವುದಿಲ್ಲ. ಒಳಗೆ ಹೋಗಿ ನೋಡಿದರೆ ದುರ್ಯೋಧನ ಸಿಂಹಾಸನದಲ್ಲಿ ಹೊಳೆಯುತ್ತ ಕೂತಿದ್ದಾನೆ. ಧರ್ಮರಾಯ ಮುಖ ತಿರುಗಿಸುತ್ತಾನೆ. ಆಗ ನಾರದ ನಗುತ್ತ ಹೇಳುತ್ತಾನೆ, ಇದು ಸ್ವರ್ಗ, ಇಲ್ಲಿ ವೈರ ಇಲ್ಲ, ಹಳೆಯದನ್ನೆಲ್ಲ ಮನಸ್ಸಿಗೆ ತಂದುಕೊಳ್ಳಬೇಡ ಎಂದು. ನಿಮ್ಮ ನೆಂಟರು ಹೇಳಿದ್ದೂ ಇದನ್ನೇ ತಾನೆ? ಧರ್ಮರಾಯ ತಲೆ ಆಡಿಸಿ ಕೂರಲಿಲ್ಲ. ನನ್ನ ತಮ್ಮಂದಿರು ಎಲ್ಲಿ, ಕರ್ಣ ಎಲ್ಲಿ, ದ್ರೌಪದಿ ಎಲ್ಲಿ ಎಂದು ಕೇಳಿದ. ಅವರು ಇರುವ ಕಡೆಯೇ ನನಗೆ ಸ್ವರ್ಗ, ಇದು ಸ್ವರ್ಗ ಅಲ್ಲ ಎಂದ. ದೇವದೂತ ಅವನನ್ನು ಕತ್ತಲ ದಾರಿಯಲ್ಲಿ, ದುರ್ನಾತದ ನಡುವೆ ಕರೆದುಕೊಂಡು ಹೋದ. ವಾಪಸ್ ತಿರುಗಬೇಕು ಅನ್ನುವಷ್ಟರಲ್ಲಿ ಕತ್ತಲಿನಿಂದ ಧ್ವನಿಗಳು ಬಂದವು. ಸ್ವಲ್ಪ ಹೊತ್ತು ನಿಲ್ಲು, ನೀನು ಬಂದ ಮೇಲೆ ತಂಗಾಳಿ ಬೀಸುತ್ತಿದೆ, ನಮಗೆ ಹಾಯೆನಿಸುತ್ತಿದೆ ಎಂದವು. ಯಾರು ನೀವು ಎಂದರೆ, ನಾನು ಕರ್ಣ, ನಾನು ಭೀಮ, ನಾನು ದ್ರೌಪದಿ. ಧರ್ಮರಾಯ ದೂತನಿಗೆ ಹೇಳಿದ: ನೀನು ಹೋಗು, ನಾನು ಇಲ್ಲೇ ಇರುತ್ತೇನೆ.

ಆಮೇಲೆ ಅದೆಲ್ಲ ಮಾಯೆ ಎಂದು ತಿಳಿಯುತ್ತದೆ. ದ್ರೋಣನಿಗೆ ಹೇಳಿದ ಅರ್ಧ ಸುಳ್ಳಿಗಾಗಿ ಅವನು ನರಕ ನೋಡಬೇಕಾಯಿತು ಅನ್ನುವುದೂ ಬರುತ್ತದೆ. ಅದು ಇರಲಿ. ನನ್ನ ಮನಸ್ಸು ನಿಲ್ಲುವುದು ಆ ಗಳಿಗೆಯಲ್ಲಿ, ಅದು ಮಾಯೆ ಎಂದು ಅವನಿಗೆ ಇನ್ನೂ ಗೊತ್ತಿರದ ಗಳಿಗೆಯಲ್ಲಿ. ಒಂದು ಕಡೆ ಎಲ್ಲ ಮರೆತು ಕೂರುವ ಸುಖ, ಇನ್ನೊಂದು ಕಡೆ ನೊಂದವರ ಪಕ್ಕ ನಿಲ್ಲುವ ಕತ್ತಲು. ಅವನು ಕತ್ತಲನ್ನು ಆರಿಸಿಕೊಂಡ. 11 ವರ್ಷದ ಹುಡುಗಿಯಾಗಿ ನೀವು ಅಮ್ಮನ ಪಕ್ಕ ನಿಂತಿರಿ. ಇವತ್ತಿಗೂ ಅಲ್ಲೇ ನಿಂತಿದ್ದೀರಿ. ಅಪ್ಪನ ಜೊತೆ ನಕ್ಕು ಮಾತಾಡಿದರೆ ಆ ಹಳೆಯ ಅಮ್ಮನನ್ನು ಒಂಟಿ ಮಾಡಿ ಹೋದ ಹಾಗೆ ನಿಮಗೆ ಅನ್ನಿಸುತ್ತಿದೆ. ನಾನು ಪತ್ರ ಓದಿದ್ದು ಹೀಗೆ. ತಪ್ಪಿದ್ದರೆ ತಿದ್ದಿ.

ಬಸವಣ್ಣನವರು ಸ್ವರ್ಗವನ್ನು ಮೇಲೆಲ್ಲೋ ಇಡಲೇ ಇಲ್ಲ. "ಅಯ್ಯಾ ಎಂದಡೆ ಸ್ವರ್ಗ, ಎಲವೋ ಎಂದಡೆ ನರಕ" ಎಂದು ನಾಲಿಗೆಯ ಮೇಲೇ ಇಟ್ಟರು. ನೀವು ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಹಗಲು ರಾತ್ರಿ ಕೇಳಿದ್ದು "ಎಲವೋ". ಆ ಹುಡುಗಿಗೆ ಯಾರೂ ಲೆಕ್ಕ ಕೊಟ್ಟಿಲ್ಲ.

ನಮ್ಮ ಭಾಷೆಯಲ್ಲೇ ಒಂದು ಮಾತಿದೆ, ಮನ್ನಿಸು. ಅದಕ್ಕೆ ಎರಡು ಅರ್ಥ. ಒಂದು ಕ್ಷಮಿಸು, ಇನ್ನೊಂದು ಗೌರವಿಸು. ಮನ್ನಣೆ ಅನ್ನುವುದೂ ಅಲ್ಲಿಂದಲೇ ಬಂತು. ನನಗೆ ಈ ಮಾತಿನ ಮೇಲೆ ತುಂಬಾ ಪ್ರೀತಿ. ತಪ್ಪು ಮಾಡಿದವನನ್ನು ಮನ್ನಿಸುವುದು ಅಂದರೆ ಅವನು ಕಳೆದುಕೊಂಡ ಮರ್ಯಾದೆಯನ್ನು ಅವನಿಗೆ ತಿರುಗಿ ಕೊಡುವುದು. ಅದು ಸಣ್ಣ ದಾನ ಅಲ್ಲ. ಅಂಥದ್ದನ್ನು ಕೊಡು, ಈಗಲೇ ಕೊಡು, ನಾವೆಲ್ಲ ನೋಡುತ್ತಿದ್ದೇವೆ ಎಂದು ಕೈ ತಿರುಚಿ ಕೇಳಿದರೆ ಅದು ಬರೀ ವಸೂಲಿ.

ನನಗೂ ಒಮ್ಮೆ ಹೀಗೆ ವಸೂಲಿ ಆಗಿತ್ತು. ನನಗೆ ಸೇರಬೇಕಾದ್ದನ್ನು ನಮ್ಮ ಅಣ್ಣ ನನಗೆ ಹೇಳದೆ ಬೇರೆಯವರಿಗೆ ಬರೆದುಕೊಟ್ಟಿದ್ದ. ಗೊತ್ತಾದ ಮೇಲೆ ದೊಡ್ಡವರು ಇಬ್ಬರನ್ನೂ ಕೂರಿಸಿ, ಅಪ್ಪಿಕೊಳ್ಳಿ, ಮರೆತುಬಿಡಿ ಎಂದರು. ಅಪ್ಪಿಕೊಂಡೆವು. ಅವನ ಅಂಗಿಯ ಗುಂಡಿ ನನ್ನ ಕೆನ್ನೆಗೆ ಒತ್ತಿದ್ದು ಈಗಲೂ ನೆನಪಿದೆ, ಬೇರೆ ಏನೂ ಅನ್ನಿಸಿದ್ದು ನೆನಪಿಲ್ಲ. ಆಮೇಲೆ 14 ವರ್ಷ ಇಬ್ಬರೂ ಚೆನ್ನಾಗಿದ್ದೀಯಾ ಅಂದರೆ ಚೆನ್ನಾಗಿದ್ದೀನಿ ಅಂದುಕೊಂಡು ಕಳೆದೆವು. ಒಂದು ಸಂಜೆ ಅವನು ಒಬ್ಬನೇ ಬಂದ. ಕೂತ. ನೆಲ ನೋಡುತ್ತ, "ಅವತ್ತು ಮರೆತು ಹೇಳದೆ ಇದ್ದದ್ದಲ್ಲ ಕಣೋ. ಗೊತ್ತಿದ್ದೇ ಮಾಡಿದ್ದೆ" ಅಂದ. ಅಷ್ಟೇ. ಕ್ಷಮಿಸು ಅನ್ನಲಿಲ್ಲ, ಅಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಅವನು ಎದ್ದು ಹೋಗುವಾಗ ಮಳೆ ಬರುತ್ತಿತ್ತು, ನನ್ನ ಕೊಡೆ ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು, ಎದೆಯಲ್ಲಿದ್ದ ಗಂಟು ಇರಲಿಲ್ಲ.

ಒಂದು ದೇಶವೇ ಇದನ್ನು ಮಾಡಿ ನೋಡಿದೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಹೋದ ಮೇಲೆ, 1995ರ ಕಾನೂನಿನಂತೆ ಸತ್ಯ ಮತ್ತು ಸಾಮರಸ್ಯ ಆಯೋಗ ಮಾಡಿದರು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಅಧ್ಯಕ್ಷರು. ಹೆಸರಲ್ಲೇ ನೋಡಿ, ಸತ್ಯ ಮೊದಲು, ಸಾಮರಸ್ಯ ಆಮೇಲೆ. 1996ರಲ್ಲಿ ವಿಚಾರಣೆ ಶುರುವಾದ ಹೊಸತರಲ್ಲೇ, ಚಿತ್ರಹಿಂಸೆಗೆ ಸಿಕ್ಕವರೊಬ್ಬರ ಮಾತು ಕೇಳುತ್ತ ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಅಲ್ಲಿ ತಪ್ಪಿತಸ್ಥರಿಗೆ ಕ್ಷಮಾದಾನ ಸಿಗುತ್ತಿತ್ತು, ಆದರೆ ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು. ಪಶ್ಚಾತ್ತಾಪ ಪಡಲೇಬೇಕು ಎಂಬ ನಿಯಮ ಇರಲಿಲ್ಲ, ಸತ್ಯ ಹೇಳಲೇಬೇಕು ಎಂಬ ನಿಯಮ ಇತ್ತು. 7,000ಕ್ಕೂ ಜಾಸ್ತಿ ಅರ್ಜಿ ಬಂದವು, ಹೆಚ್ಚಿನವನ್ನು ತಳ್ಳಿಹಾಕಿದರು. ವರ್ಣಭೇದದ ವಿರುದ್ಧ ಹೋರಾಡಿ 1977ರಲ್ಲಿ ಪೊಲೀಸರ ವಶದಲ್ಲಿ ಪೆಟ್ಟು ತಿಂದು ಸತ್ತ ಸ್ಟೀವ್ ಬಿಕೋ ವಿಷಯದಲ್ಲಿ ಪೊಲೀಸರು ಹಾಕಿದ ಅರ್ಜಿಗೂ 1999ರಲ್ಲಿ ಅದೇ ಗತಿ ಆಯಿತು. ಅವರ ಮಾತಲ್ಲಿ ಸತ್ಯ ಕಾಣಲಿಲ್ಲ. ಇನ್ನೊಂದು ವಿಷಯ. ಬಿಕೋ ಅವರ ಮನೆಯವರು ಈ ಕ್ಷಮಾದಾನವೇ ಬೇಡ, ನಮಗೆ ನ್ಯಾಯ ಬೇಕು ಎಂದು ಕೋರ್ಟಿಗೆ ಹೋಗಿದ್ದರು. ಸೋತರು. ಅವರನ್ನು ಕಲ್ಲು ಮನಸ್ಸಿನವರು ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಒಂದು ದೇಶಕ್ಕೇ ಇಷ್ಟು ಕಷ್ಟವಾದದ್ದನ್ನು ಒಬ್ಬ ಹೆಣ್ಣುಮಗಳು ನೆಂಟರು ಬಂದು ಹೋಗುವಷ್ಟರಲ್ಲಿ ಮುಗಿಸಬೇಕು ಅಂದರೆ ಹೇಗೆ?

ಇದು ಬರೀ ನೆಂಟರ ತಪ್ಪೂ ಅಲ್ಲ. ನಮ್ಮ ಪತ್ರಿಕೆಗೆ ಬರುವ ಕಥೆಗಳನ್ನು ನೋಡಿ ಹೇಳುತ್ತಿದ್ದೇನೆ. ಅಪ್ಪ ಅಥವಾ ಗಂಡ ಇಪ್ಪತ್ತು ಪುಟ ಹಿಂಸೆ ಕೊಡುತ್ತಾನೆ. ಕೊನೆಯ ಪುಟದಲ್ಲಿ ಆಸ್ಪತ್ರೆ ಮಂಚ, ಅವನ ಕಣ್ಣಂಚಲ್ಲಿ ಒಂದು ಹನಿ, ಅವಳು ಕೈ ಹಿಡಿದುಕೊಳ್ಳುತ್ತಾಳೆ, ಮುಗೀತು. ಅವನ ಬಾಯಲ್ಲಿ ಒಂದು ವಾಕ್ಯವನ್ನೂ ಬರೆಯುವುದಿಲ್ಲ. ಅವಳ ಬಾಯಲ್ಲೂ ಇಲ್ಲ. ಅಂಥ ಕಥೆಗಳನ್ನು ನಾನು ವಾಪಸ್ ಕಳಿಸುತ್ತ ಬಂದಿದ್ದೇನೆ, ಕೆಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಸಿನಿಮಾದಲ್ಲಿ ಇದೇ, ಪ್ರವಚನದಲ್ಲಿ ಇದೇ, ಬೆಳಗಾದರೆ ಮೊಬೈಲಿಗೆ ಬರುವ ಸುಭಾಷಿತಗಳಲ್ಲೂ ಇದೇ. "ಕ್ಷಮಿಸಿ, ಮುಂದೆ ಸಾಗಿ." ಯಾರಿಗೆ ಹೇಳುತ್ತಿದ್ದಾರೆ ಗಮನಿಸಿ. ಯಾವಾಗಲೂ ಮನೆಯಲ್ಲಿ ಚಿಕ್ಕವರಿಗೆ, ಹೆಂಗಸರಿಗೆ, ಸಂಬಳ ಕಡಿಮೆ ಇರುವವರಿಗೆ, ಪೆಟ್ಟು ತಿಂದವರಿಗೆ. ಪೆಟ್ಟು ಕೊಟ್ಟವನಿಗೆ "ಹೋಗಿ ನಿಜ ಹೇಳು" ಅನ್ನುವ ಸುಭಾಷಿತ ನನ್ನ ಮೊಬೈಲಿಗೆ ಇಲ್ಲಿಯವರೆಗೆ ಬಂದಿಲ್ಲ. ಪೆಟ್ಟು ತಿಂದವರು ಬೇಗ ಕ್ಷಮಿಸಿಬಿಟ್ಟರೆ ಉಳಿದವರಿಗೆಲ್ಲ ಹಾಯಾಗಿರುತ್ತದೆ, ಆವತ್ತು ನೋಡಿಯೂ ಸುಮ್ಮನಿದ್ದವರಿಗೆ ಇನ್ನೂ ಹಾಯಾಗಿರುತ್ತದೆ. ನಿಮ್ಮ ಮನೆಯಿಂದ ಅಮ್ಮನ ಕೂಗು ಕೇಳಿದಾಗ ಈ ನೆಂಟರು ಎಲ್ಲಿದ್ದರು?

ನಿಮ್ಮ ಅಮ್ಮನ ವಿಷಯ ಬೇರೆ. ಅವರು "ಬರಲಿ ಬಿಡು" ಅಂದರಲ್ಲ, ಆ ಎರಡು ಮಾತಿಗೆ ನಾನು ಕೈ ಮುಗಿಯುತ್ತೇನೆ. ಯಾರೂ ಅವರನ್ನು ಬಲವಂತ ಮಾಡಿರಲಿಲ್ಲ. ಅದು ಕ್ಷಮೆಯೋ, ಸುಸ್ತೋ, ಹಳೆಯ ಪ್ರೀತಿಯ ಉಳಿಕೆಯೋ, ಅವರಿಗೇ ಗೊತ್ತು. ಆದರೆ ಅದು ಅವರದು. ಅಮ್ಮ ಮನ್ನಿಸಿದ್ದಾರೆ ಎಂದ ಮಾತ್ರಕ್ಕೆ ಮಗಳ ಪಾಲಿನದೂ ತೀರಿಹೋಗುವುದಿಲ್ಲ. ನೀವು ಇದನ್ನು ಅಮ್ಮನ ಹತ್ತಿರ ಎಂದಾದರೂ ಮಾತಾಡಿದ್ದೀರಾ? ಪತ್ರದಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ನೋವನ್ನು ಬೇರೆ ಬೇರೆ ಕೋಣೆಯಲ್ಲಿ ಇಟ್ಟುಕೊಂಡಿದ್ದೀರಿ ಅನ್ನಿಸುತ್ತದೆ.

ಅಪ್ಪನ ಮಾತು ತೊದಲುತ್ತದೆ, ಆದರೆ ಅರ್ಥವಾಗುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಬರುವ ಭಾನುವಾರ ಉಗುರು ಕತ್ತರಿಸಿ ಆದ ಮೇಲೆ, ಕತ್ತರಿಯನ್ನು ಪಕ್ಕಕ್ಕಿಟ್ಟು, ಆ ಕೈಯನ್ನು ಹಿಡಿದುಕೊಂಡೇ ಕೇಳಿ: "ಈ ಕೈ ಏನು ಮಾಡಿತ್ತು, ನೆನಪಿದೆಯಾ?" ಬೈಯಬೇಡಿ, ಅಳಬೇಕು ಅಂತಲೂ ಇಲ್ಲ. ಕೇಳಿ ಅಷ್ಟೇ. ಅಮ್ಮ ಪಕ್ಕದಲ್ಲಿದ್ದರೆ ಒಳ್ಳೆಯದು. ಕೇಳಲು ಮನಸ್ಸಾಗದಿದ್ದರೆ ಆ ವಾರ ಬಿಡಿ, ಮುಂದಿನ ವಾರಕ್ಕೂ ಉಗುರು ಬೆಳೆದಿರುತ್ತದೆ.

ಅವರು ಏನು ಹೇಳಿದರು ಎಂದು ನನಗೆ ಬರೆಯಿರಿ. ಏನೂ ಹೇಳದಿದ್ದರೂ ಬರೆಯಿರಿ. ಎಷ್ಟು ಪುಟವಾದರೂ ಆಗಲಿ, ಅಕ್ಷರ ಹೇಗಿದ್ದರೂ ಇರಲಿ. "ಕ್ಷಮಿಸಿ" ಮಾತ್ರ ಬೇಡ.