ಸೂರ್ಯನ ಅಂಚಿನ ಬಿಳಿ ಎಳೆಗಳು

ಪ್ರಶ್ನೆ: 60 ಮಿ.ಮೀ. ದೂರದರ್ಶಕದಿಂದ ಸೂರ್ಯಬಿಂಬವನ್ನು ಕಾಗದದ ಮೇಲೆ ಬೀಳಿಸಿದಾಗ, ಅಂಚಿನ ಹತ್ತಿರ ಕಪ್ಪು ಕಲೆಯ ಸುತ್ತ ಬಿಳಿ ಎಳೆಗಳು ಕಂಡವು. ಐದು ದಿನದಲ್ಲಿ ಕಲೆ ನಡುವಿಗೆ ಬಂತು, ಎಳೆಗಳು ಮಾಯ. ಮಸೂರದ ದೋಷವೇ?

ಉತ್ತರ: ಅಲ್ಲ. ಅವು ಫ್ಯಾಕ್ಯುಲೆ, ಲ್ಯಾಟಿನ್ನಿನಲ್ಲಿ ಪುಟ್ಟ ಪಂಜುಗಳು ಎಂದರ್ಥ. ಸೂರ್ಯನ ಮೇಲ್ಮೈ ಕುದಿಯುವ ಗಂಜಿಯ ಹಾಗೆ. ಸುಮಾರು 1,000 ಕಿ.ಮೀ. ಅಗಲದ ಗುಳ್ಳೆಗಳು ಎದ್ದು ಹತ್ತಿಪ್ಪತ್ತು ನಿಮಿಷದೊಳಗೆ ಅಳಿಯುತ್ತವೆ. ಅವುಗಳ ಸಂದಿಯಲ್ಲಿ ಕಾಂತಕ್ಷೇತ್ರ ಒತ್ತಾಗಿ ಸೇರಿದರೆ ಅದರ ಒತ್ತಡಕ್ಕೆ ಅನಿಲ ತೆಳುವಾಗುತ್ತದೆ, ನಮ್ಮ ನೋಟ ಆಳಕ್ಕಿಳಿಯುತ್ತದೆ. ಅಂದರೆ ಅಲ್ಲೊಂದು ಗುಂಡಿ. ಬಾವಿಗೆ ನೇರವಾಗಿ ಬಗ್ಗಿದರೆ ತಳ, ಓರೆಯಾಗಿ ಇಣುಕಿದರೆ ಎದುರುಗೋಡೆ ಕಾಣುತ್ತದಲ್ಲ? ಇಲ್ಲಿ ಆ ಗೋಡೆಯೇ ಬಿಸಿ, ಅದೇ ಬೆಳಗುವುದು. ಅಂಚಿನಲ್ಲಿ ಬಿಂಬ ತಾನಾಗಿಯೇ ಮಬ್ಬಾಗಿರುವುದರಿಂದ ಬಿಳುಪು ಎದ್ದು ಕಾಣುತ್ತದೆ. ಕಪ್ಪು ಕಲೆಯೂ ಕಾಂತಕ್ಷೇತ್ರದ್ದೇ ಕೆಲಸ. ಆದರೆ ಅದು ಅಗಲವಾದ್ದರಿಂದ ಪಕ್ಕದ ಗೋಡೆಗಳ ಶಾಖ ನಡುವಿಗೆ ಮುಟ್ಟುವುದಿಲ್ಲ, ತಣ್ಣಗಾಗಿ ಕಪ್ಪಾಗುತ್ತದೆ.

ಪ್ರಶ್ನೆ: ಇನ್ನೂ ಸ್ಪಷ್ಟವಾಗಿ ಕಾಣಲು ಏನು ಮಾಡಬೇಕು?

ಉತ್ತರ: ಮೊದಲು ಫೈಂಡರ್‌ಗೆ (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದೂರದರ್ಶಕ) ಮುಚ್ಚಳ ಹಾಕಿ, ಅದರಿಂದಲೂ ಕಣ್ಣು ಹೋದೀತು. ಕೊಳವೆಯ ನೆರಳು ಅತಿ ಚಿಕ್ಕದಾಗುವವರೆಗೆ ಹೊರಳಿಸಿದರೆ ಸೂರ್ಯ ಸಿಕ್ಕಿದ ಹಾಗೆ. ದೂರದರ್ಶಕದ ನಾಭಿದೂರ 700 ಮಿ.ಮೀ., ಐಪೀಸ್ (ಕಣ್ಣಿನ ಕಡೆಯ ಮಸೂರ) 20 ಮಿ.ಮೀ. ಇದ್ದರೆ ಕಾಗದವನ್ನು ಐಪೀಸಿನಿಂದ ಸುಮಾರು 49 ಸೆಂ.ಮೀ. ದೂರ ಹಿಡಿಯಿರಿ, 15 ಸೆಂ.ಮೀ. ಬಿಂಬ ಬರುತ್ತದೆ. ಕೊಳವೆಗೆ ರಟ್ಟಿನ ಕೊರಳಪಟ್ಟಿ ತೊಡಿಸಿ ಕಾಗದದ ಮೇಲೆ ನೆರಳು ಬೀಳಿಸಿ. ಬಹಳ ಜನಕ್ಕೆ ಫ್ಯಾಕ್ಯುಲೆ ಕಾಣದಿರುವುದು ಈ ನೆರಳಿಲ್ಲದ್ದಕ್ಕೇ. ಪ್ಲಾಸ್ಟಿಕ್ ಐಪೀಸ್ ಕರಗುತ್ತದೆ, ಅಂಟಿಸಿದ ಮಸೂರಗಳು ಬಿರಿಯಬಹುದು. ಅಂಟಿಲ್ಲದ ಹಳೆಯ ಹೈಗನ್ಸ್ ಐಪೀಸ್ ಇದಕ್ಕೆ ಸಾಕು. ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜಿನ ಫಿಲ್ಟರನ್ನು ನಂಬಿ ಕಣ್ಣಿಡಲೇಬೇಡಿ, ಕಾವಿಗೆ ಅದು ಒಡೆಯುತ್ತದೆ.

ಕಂಡದ್ದು ದೂಳೋ ಫ್ಯಾಕ್ಯುಲೆಯೋ? ಐಪೀಸನ್ನು ತಿರುಗಿಸಿ: ಮಚ್ಚೆಯೂ ಜೊತೆಗೆ ತಿರುಗಿದರೆ ದೂಳು. ಕಾಗದ ಅಲುಗಿಸಿ: ಅದರೊಂದಿಗೆ ಸರಿದರೆ ಕಾಗದದ ನಾರು. ಎರಡಕ್ಕೂ ಜಗ್ಗದೆ ಬಿಂಬದೊಂದಿಗೇ ಇದ್ದರೆ ಸೂರ್ಯನದು.

ಪ್ರಶ್ನೆ: ಕಲೆಗಳು ಹೆಚ್ಚಾದ ವರ್ಷ ಸೂರ್ಯನ ಬೆಳಕು ತಗ್ಗುತ್ತದೆಯೇ?

ಉತ್ತರ: ತಗ್ಗದು, ಸುಮಾರು 0.1 ಶೇಕಡ ಏರುತ್ತದೆ. ಕಲೆಗಳು ತಿಂದ ಬೆಳಕಿಗಿಂತ ಫ್ಯಾಕ್ಯುಲೆ ಕೊಡುವುದೇ ಹೆಚ್ಚು. ಬಿಂಬದ ನಡುವೆಯೂ ಈ ಬೆಳಗುವ ಜಾಗಗಳನ್ನು ಗುರುತಿಸಬೇಕಾದರೆ ಕ್ಯಾಲ್ಸಿಯಂನ 393 ನ್ಯಾನೋಮೀಟರ್ ಬೆಳಕಿನಲ್ಲಿ ತೆಗೆದ ಚಿತ್ರ ಬೇಕು. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಅಂಥ ಚಿತ್ರಗಳ ನೂರು ವರ್ಷಕ್ಕೂ ಮಿಕ್ಕಿದ ಸಂಗ್ರಹವಿದೆ.