ಕಾಂಗ್ರೆಸ್ ಗಿಡ ಎಲ್ಲೆಲ್ಲೂ, ಆ ಮರ ಎಲ್ಲೋ ಒಂದೊಂದು

ಪ್ರಶ್ನೆ: ನಮ್ಮ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಎಷ್ಟು ಕಿತ್ತರೂ ಮತ್ತೆ ಬರುತ್ತದೆ. ಪೈನ್, ದೇವದಾರುಗಳ ಬಳಗದಲ್ಲಿ ಮಾತ್ರ ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವುದು ಒಂದೇ ಜಾತಿ, ಅದೂ ಅಪರೂಪ ಅಂತ ಓದಿದೆ. ಎರಡೂ ಬೀಜದಿಂದಲೇ ಹುಟ್ಟುವುದಲ್ವಾ, ಯಾಕಿಷ್ಟು ವ್ಯತ್ಯಾಸ?

ಉತ್ತರ: ಕಾಂಗ್ರೆಸ್ ಗಿಡದ ಒಂದು ಹೂ ಕಿತ್ತು ಹತ್ತಿರದಿಂದ ನೋಡಿ (ಮೈ ತುರಿಸುವವರು ಮುಟ್ಟಬೇಡಿ). ಕೊತ್ತಂಬರಿ ಬೀಜದಷ್ಟು ಬಿಳಿ ಗುಂಡು. ಅದು ಒಂದು ಹೂವಲ್ಲ, ಪುಟಾಣಿ ಹೂಗಳ ಗುಂಪು. ಅದರಲ್ಲಿ ಅಂಚಿನ ಐದು ಹೂ ಮಾತ್ರ ಬೀಜ ಕಟ್ಟುತ್ತವೆ. ಐದೇ! ಆದರೆ ಇಂಥ ಗುಂಡುಗಳು ಗಿಡದ ತುಂಬ ಇರುತ್ತವೆ, ಹಾಗಾಗಿ ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಜಾಸ್ತಿ ಬೀಜ ಉದುರಿಸುತ್ತದೆ. ಮೊಳೆತ ಒಂದೆರಡು ತಿಂಗಳಲ್ಲೇ ಹೂವಿಗೆ ಬರುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ದೇಶವನ್ನೇ ಆವರಿಸಿದ್ದು ಹೀಗೆ.

ನೀವು ಓದಿದ ಮರ ನಾಗೇಯಾ ವಾಲಿಚಿಯಾನಾ. ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೈ ಕಡೆಯ ದಟ್ಟ ಕಾಡುಗಳಲ್ಲಿದೆ. ಪೈನ್ ಬಳಗ ಅಂದ ತಕ್ಷಣ ಸೂಜಿ ಎಲೆ ಹುಡುಕಬೇಡಿ, ಇದರದ್ದು ಅಗಲ ಎಲೆ. ಬೆಳಕಿಗೆ ಹಿಡಿದರೆ ನಡುನರವೇ ಕಾಣದು, ಬಿದಿರಿನ ಎಲೆಯಂತೆ ಉದ್ದಕ್ಕೂ ಸಣ್ಣ ಸಣ್ಣ ಗೆರೆಗಳು, ನನಗಂತೂ ಇದು ಬಲು ಚೆಂದ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸುತ್ತಲಿನವನ್ನು ಕಡಿದು ಒಂದು ಹೆಣ್ಣು ಮರ ಉಳಿಸಿದರೆ ಏನು ಬಂತು? ಬೀಜ ಕಟ್ಟಲು ಗಂಡು ಮರದ ಪರಾಗ ಗಾಳಿಯಲ್ಲಿ ಬಂದು ಸೇರಬೇಕು. ಸಸಿ ಏಳಬೇಕಾದ್ದು ಕಾಡಿನ ನೆರಳಲ್ಲಿ, ಅದಕ್ಕೆ ಅವಸರವೇ ಇಲ್ಲ.

ಹಾಗಂತ ಕಾಂಗ್ರೆಸ್ ಗಿಡ ಗಟ್ಟಿ, ಈ ಮರ ದುರ್ಬಲ ಅಂದುಕೊಳ್ಳಬೇಡಿ. ದಟ್ಟ ಕಾಡಿನ ನೆರಳಲ್ಲಿ ಕಾಂಗ್ರೆಸ್ ಗಿಡ ಬದುಕುವುದಿಲ್ಲ. ಅದಕ್ಕೆ ಬಿಸಿಲು ಬೇಕು, ಕೆದಕಿದ ಮಣ್ಣು ಬೇಕು, ನಾವು ಕಾಡು ಸೀಳಿ ರಸ್ತೆ ಮಾಡಿದಾಗ ಎರಡನ್ನೂ ಒದಗಿಸಿ, ಮರದ ನೆರಳನ್ನು ಕಿತ್ತುಕೊಳ್ಳುತ್ತೇವೆ. ಕಳೆ ಕೀಳಲು ಪಡುವ ಪಾಡಿನಲ್ಲಿ ಅರ್ಧವನ್ನಾದರೂ ಆ ನೆರಳು ಉಳಿಸಲು ಪಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಸೈಟು. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆಯೇ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿ. ಸುಮ್ನೆ ಖಾಲಿ ಬಿಟ್ಟರೆ ಮತ್ತೆ ಬರುತ್ತದೆ. ಮುಂಗಾರಿಗೆ ಮೊದಲು ತಗಚೆ ಬೀಜ ಚೆಲ್ಲಿ, ಅದು ಒತ್ತಾಗಿ ಬೆಳೆದು ಕಾಂಗ್ರೆಸ್ ಗಿಡಕ್ಕೆ ಜಾಗ ಕೊಡುವುದಿಲ್ಲ.